ಮಂಡಿಯೊಳಗೆ ಹೊನ್ನ, ಹೊರಗೆ ಕೆರಿಯಪ್ಪ

ಮನ್ಮನೆಯ ಕೆರಿಯಪ್ಪನನ್ನು ಮೊದಲ ಸಲ ಕಂಡಾಗ ನಾನು ಮನಸ್ಸಿನಲ್ಲೇ ದರ ಕಟ್ಟಿದ್ದೆ. ಎತ್ತರ ಸಾಧಾರಣ, ಅಗಲ ಧಾರಾಳ. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಯಿತೆಂದು ಹುಡುಕಬೇಕು. ಕಾಲುಗಳು ಸ್ವಲ್ಪ ಒಳಕ್ಕೆ ಬಾಗಿದ್ದವು. ನೋಡಲು ಚಂದವಲ್ಲ, ಹೊರೆ ಹೊರಲು ಅದೇ ವಾಸಿ. ಹಲ್ಲು ಎಲೆಯಡಿಕೆಯಿಂದ ಕೆಂಪಗಾಗಿದ್ದರೂ ಒಂದೂ ಅಲ್ಲಾಡುತ್ತಿರಲಿಲ್ಲ. ಊಟ ಇಬ್ಬರದು, ಮಾತು ಮೂವರದು. ಒಂದು ಮೂಟೆಯನ್ನು ಬೆನ್ನ ಮೇಲೆ ಒಮ್ಮೆ ಹೊತ್ತರೆ ಬಾಯಲ್ಲಿ ದಿನವಿಡೀ ಹೊರುವ ಪೈಕಿ. ಇಂಥ ಮಾಲನ್ನು ವ್ಯಾಪಾರಿ ನೋಡಿದ ಕೂಡಲೇ ಕೊಳ್ಳುತ್ತಾನೆ, ಆಮೇಲೆ ಅದರ ಸದ್ದಿಗೆ ಹಣೆ ಚಚ್ಚಿಕೊಳ್ಳುತ್ತಾನೆ. ನಾನು ಕೊಳ್ಳಲಿಲ್ಲ. ಕೊಂಡವನು ನನ್ನ ಪಕ್ಕದ ಗೋಡೆಯವನು, ಅಡಿಕೆ ಮಂಡಿಯ ಪರಮೇಶ್ವರಪ್ಪ.

ಶಿರಸಿಯ ಆ ಓಣಿಯಲ್ಲಿ ನನ್ನದು ಗೋಣಿಚೀಲ, ಹಗ್ಗ, ಚಾಪೆಯ ಅಂಗಡಿ. ನಮ್ಮನ್ನು ಮುಂಬಯಿ ರಾಜ್ಯದಿಂದ ತೆಗೆದು ಮೈಸೂರಿಗೆ ಸೇರಿಸಿದ ವರ್ಷ ಕೆರಿಯಪ್ಪ ಸಿದ್ದಾಪುರದ ಕಡೆಯಿಂದ ಹಮಾಲಿ ಹುಡುಕಿಕೊಂಡು ಬಂದ. ಪರಮೇಶ್ವರಪ್ಪ ಬನವಾಸಿ ಕಡೆಯವನು, ನನಗೆ ದೂರದ ನಂಟ. ತೂಕದಲ್ಲಿ ಮೋಸವಿಲ್ಲ, ಪೂಜೆ ತಪ್ಪಿಸುವವನಲ್ಲ, ಜಂಗಮರು ಬಂದರೆ ಗಾದಿಯಿಂದ ಎದ್ದು ನಿಲ್ಲುತ್ತಿದ್ದ. ಇಷ್ಟು ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಜಾಗ ಸಿಗಲಿಕ್ಕಿಲ್ಲ.

ಅವನ ಮಂಡಿಯಲ್ಲಿ ಮೂಟೆ ಹೊರುವವನಿಗೆ ಹೊನ್ನ ಎಂದು ಹೆಸರು. ಯಾರೇ ಬರಲಿ, ಹೊನ್ನ. ಪರಮೇಶ್ವರಪ್ಪನ ಅಪ್ಪನ ಕಾಲದಲ್ಲಿ ಆ ಹೆಸರಿನ ಆಳೊಬ್ಬ ನಿಜವಾಗಿಯೂ ಇದ್ದನಂತೆ. ಅವನು ಸತ್ತ, ಇನ್ನೊಬ್ಬ ಬಂದ. ಹೊಸಬನ ಹೆಸರು ನಾಲಿಗೆಗೆ ಹತ್ತುವವರೆಗೆ ಕಾಯುವ ಪುರಸೊತ್ತು ಯಾರಿಗಿದೆ ಎಂದು ಮುದುಕ ಅವನನ್ನೂ ಹೊನ್ನ ಎಂದೇ ಕರೆದ. ಅವನು ಓಗೊಟ್ಟ. ಅಲ್ಲಿಂದ ಮುಂದೆ ಅದು ಗೋಡೆಗೆ ಹೊಡೆದ ಗೂಟದ ಹಾಗೆ ಉಳಿದುಕೊಂಡಿತು. ಇವತ್ತು ಅದಕ್ಕೆ ಅಂಗಿ, ನಾಳೆ ಚೀಲ, ನಾಡಿದ್ದು ಕೊಡೆ. ಗೂಟ ಮಾತ್ರ ಅದೇ.

ಡಬ್ಬಿಗಳ ವಿಷಯದಲ್ಲಿ ಇದು ನಡೆಯುತ್ತದೆ. ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿ ಎಂದು ಕರೆಸಿಕೊಳ್ಳುವ ಡಬ್ಬಿಯೊಂದಿದೆ, ಅದರಲ್ಲಿ ಬೆಲ್ಲ ಇದ್ದದ್ದನ್ನು ನಾನು ಕಂಡಿಲ್ಲ. ಒಂದು ವರ್ಷ ಹುಣಸೆಹಣ್ಣು, ಒಂದು ವರ್ಷ ಮೊಳೆ, ಒಮ್ಮೆ ನಮ್ಮ ಅಜ್ಜಿಯ ಕನ್ನಡಕ. ಮನೆಯವರಿಗೆ ತೊಂದರೆಯಿಲ್ಲ, ಮುಚ್ಚಳ ತೆಗೆದು ನೋಡಿ ಕೈ ಹಾಕುತ್ತಾರೆ. ಹೊಸದಾಗಿ ಬಂದ ಸೊಸೆ ಹೆಸರು ನಂಬಿ ಪಾಯಸಕ್ಕೆ ಕೈ ಹಾಕಿದರೆ ಮಾತ್ರ ಫಜೀತಿ. ಡಬ್ಬಿಗೆ ಅದರಿಂದ ಬೇಸರವಾಗುವುದಿಲ್ಲ. ತನ್ನೊಳಗೆ ಏನಿದೆಯೆಂದು ಅದು ಊರಿಗೆ ಹೇಳಬೇಕಾಗಿಲ್ಲ, ಅದಕ್ಕೆ ಹೆಂಡತಿಯೂ ಇಲ್ಲ. ಮನುಷ್ಯನನ್ನು ಈ ಲೆಕ್ಕಕ್ಕೆ ಸೇರಿಸುವುದೇ ನನ್ನ ಹೊಟ್ಟೆಯುರಿಗೆ ಕಾರಣ.

ಮೊದಲ ದಿನವೇ ಜಗಳದ ಬೀಜ ಬಿತ್ತು. ನಾನು ಹಗ್ಗದ ಸುರುಳಿ ಕೊಡಲು ಮಂಡಿಗೆ ಹೋಗಿದ್ದೆ. ಪರಮೇಶ್ವರಪ್ಪ ಗಾದಿಯ ಮೇಲಿಂದ ಕೂಗಿದ:

"ಏ ಹೊನ್ನ, ಈ ಚೀಲ ಆ ಮೂಲಿಗೆ ಹಾಕೋ."

ಕೆರಿಯಪ್ಪ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ನಿನಗ ಹೇಳಿದ್ದು ಮಾರಾಯ."

"ನನ್ನ ಹೆಸರು ಕೆರಿಯಪ್ಪ, ಒಡೆಯಾ."

"ಇರಲಿ ಬಿಡು. ಇಲ್ಲಿ ಚೀಲ ಹೊರಾಂವ ಹೊನ್ನ. ನಮ್ಮಪ್ಪನ ಕಾಲದಿಂದ ಹಂಗ ಐತಿ."

"ನಂಗ್ಯಾರೂ ಹೇಳ್ಲಿಲ್ವಲ್ಲ."

"ಈಗ ಹೇಳಿದೆನಲ್ಲ. ನಾವಿರೋ ರಾಜ್ಯದ ಹೆಸರ ಬದಲಾಗೇತಿ, ನಿಂದೇನು ಮಹಾ?"

"ಸರ್ಕಾರದೋರು ಮೊದ್ಲು ಪೇಪರಿಗೆ ಹಾಕಿ, ಊರಿಗೆಲ್ಲ ಸಾರಿ, ಆಮೇಲೆ ಬದಲಾಯ್ಸಿದ್ರು. ನೀವು ಮೊದ್ಲು ಕರೆದು ಆಮೇಲೆ ಹೇಳ್ತೀರಿ."

ಮಂಡಿಯಲ್ಲಿ ಕುಳಿತಿದ್ದ ಬೆಳೆಗಾರರು ನಕ್ಕರು. ಪರಮೇಶ್ವರಪ್ಪನೂ ನಕ್ಕ. ಕೆರಿಯಪ್ಪ ಚೀಲ ಎತ್ತಿ ಮೂಲೆಗೆ ಹಾಕಿದ. ಹೊಸ ಊರು, ಹೊಸ ಕೆಲಸ, ಮನ್ಮನೆಯಲ್ಲಿ ಅನ್ನಕ್ಕೆ ಕಾಯುವವರು. ಹಾಕದೆ ಏನು ಮಾಡಿಯಾನು?

ಆದರೆ ಸುಮ್ಮನೆ ಓಗೊಡುವ ಮನುಷ್ಯನಲ್ಲ ಅವನು. ತಾನೇ ಒಂದು ಗಡಿ ಹಾಕಿಕೊಂಡ. ಮಂಡಿಗೂ ಬೀದಿಗೂ ನಡುವೆ ಗಟಾರ, ಅದರ ಮೇಲೊಂದು ಹಾಸುಗಲ್ಲು. ಕಲ್ಲಿನ ಒಳಗೆ ಹೊನ್ನ ಎಂದರೆ ಬರುತ್ತಿದ್ದ. ಕಲ್ಲು ದಾಟಿದ ಮೇಲೆ ಗಂಟಲು ಹರಿಯುವಂತೆ ಕೂಗಿದರೂ ಕಿವುಡ. ಎದುರಿನ ಚಹಾದಂಗಡಿಯಲ್ಲಿ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದರೆ, ಮಂಡಿಯ ಬಾಗಿಲಲ್ಲಿ ನಿಂತು ಪರಮೇಶ್ವರಪ್ಪ "ಹೊನ್ನಾ, ಹೊನ್ನಾ" ಎಂದು ಕೈ ಬೀಸುವುದು ಓಣಿಗೆಲ್ಲ ತಮಾಷೆ. ಚಹಾದಂಗಡಿಯವರು "ಕರೀತಿದಾರೆ ಕಣೋ" ಎಂದರೆ, "ಯಾರನ್ನೋ ಕರೀತಿದಾರೆ, ಪಾಪ. ಬಂದ್ರೆ ಕಳ್ಸಿ" ಎನ್ನುತ್ತಿದ್ದ.

ಪರಮೇಶ್ವರಪ್ಪನ ಹೆಂಡತಿ ಮುರಿಗೆವ್ವ ಒಮ್ಮೆ ಮನೆಗೆ ಸೌದೆ ಒಡೆಯಲು ಕರೆಸಿದಳು. ಹಿತ್ತಿಲಲ್ಲಿ ನಿಂತು "ಹೊನ್ನ, ಆ ದೊಡ್ಡ ಕೊರಡು ಮೊದಲ ಒಡಿ" ಎಂದಳಂತೆ. ಇವನು ಕೊಡಲಿ ಕೆಳಗಿಟ್ಟ.

"ಅವ್ವಾ, ಹೊನ್ನ ಮಂಡೀಲಿ. ಇಲ್ಲಿಗೆ ನಂಗಿನ್ನೂ ಹೆಸರಿಟ್ಟಿಲ್ಲ. ಅಲ್ಲೀವರೆಗೆ ಅಪ್ಪ ಇಟ್ಟಿದ್ದೇ ನಡೀಲಿ, ಕೆರಿಯಪ್ಪ ಅಂತ."

ಮುರಿಗೆವ್ವ ನಕ್ಕು, ಅವತ್ತಿನಿಂದ ಕೆರಿಯಪ್ಪ ಎಂದೇ ಕರೆದಳು. ಹೆಸರು ಹೇಳಲು ಅವಳಿಗೆ ಹೆಚ್ಚು ಪುರಸೊತ್ತೇನೂ ಬೇಕಾಗಲಿಲ್ಲ. ಗಂಡನಿಗೆ ಬೇಕಾಗುತ್ತಿತ್ತು. ಗಾದಿಯ ಮೇಲೆ ಕುಳಿತವರಿಗೆ ಪುರಸೊತ್ತು ಯಾವಾಗಲೂ ಕಡಿಮೆ.

ಹೀಗೆ ಕೆಲವು ವರ್ಷ ನಡೆಯಿತು. ಗಟಾರದ ಕಲ್ಲು ಗಡಿ ಕಾಯುತ್ತದೆ ಎಂದು ಕೆರಿಯಪ್ಪ ನಂಬಿದ್ದ. ಹೆಸರಿಗೆ ಕಾಲಿದೆ, ಕಲ್ಲು ದಾಟಿ ಹೋಗುತ್ತದೆ ಎಂಬುದು ಗಂಗೆ ಬಂದ ದಿನ ಗೊತ್ತಾಯಿತು.

ಗಂಗೆ ಇಸಳೂರಿನವಳು. ಸೊಪ್ಪು, ಕಟ್ಟಿಗೆ ಮಾರಿ ಬದುಕುವ ಹೆಂಗಸು. ಕೆರಿಯಪ್ಪ ಬರುವುದಕ್ಕೆ ಮೊದಲು ಮಂಡಿಯಲ್ಲಿದ್ದ ಆಳು ಅವಳನ್ನು ಕೈ ಹಿಡಿಯುತ್ತೇನೆಂದು ನಂಬಿಸಿ, ಒಂದು ಮಳೆಗಾಲ ಅವಳ ಮನೆಯಲ್ಲಿ ಉಂಡು, ಹೇಳದೆ ಕೇಳದೆ ಹೋಗಿಬಿಟ್ಟಿದ್ದ. ತನ್ನ ಹೆಸರು ಹೊನ್ನ, ಪರಮೇಶ್ವರಪ್ಪನ ಮಂಡಿಯವನು ಎಂದಷ್ಟೇ ಅವಳಿಗೆ ಹೇಳಿದ್ದು. ಸುಳ್ಳೇನೂ ಅಲ್ಲ. ಊರಿಗೆ ಹೋದವನು ಇವತ್ತು ಬಂದಾನು, ನಾಳೆ ಬಂದಾನು ಎಂದು ಕಾದಳು. ಎಷ್ಟೋ ಕಾಲದ ಮೇಲೆ ಸಂತೆಯಲ್ಲಿ ಯಾರದೋ ಬಾಯಲ್ಲಿ "ಪರಮೇಶ್ವರಪ್ಪನ ಮಂಡಿಯ ಹೊನ್ನ" ಎಂಬ ಮಾತು ಕಿವಿಗೆ ಬಿತ್ತು. ಅವನು ಮರಳಿ ಬಂದಿದ್ದಾನೆ, ಆದರೂ ತನ್ನ ಕಡೆ ತಲೆ ಹಾಕಿಲ್ಲ ಎಂದುಕೊಂಡಳು. ಸಂತೆಯಲ್ಲೇ ನಿಂತು ನಾಲ್ಕು ಜನರ ಮುಂದೆ ಬೈದಳು. ಆ ನಾಲ್ವರಲ್ಲಿ ಮನ್ಮನೆಯವನೊಬ್ಬನಿದ್ದ. ತನ್ನೂರಿನ ಕೆರಿಯಪ್ಪನೇ ಆ ಮಂಡಿಯ ಹೊನ್ನ ಎಂಬುದು ಅವನಿಗೆ ಗೊತ್ತಿತ್ತು.

ಹಾಗಾಗಿ ಒಂದು ಬೆಳಿಗ್ಗೆ ಮಂಡಿಯ ಮುಂದೆ ಇಬ್ಬರು ಹೆಂಗಸರು ಒಟ್ಟಿಗೆ ನಿಂತಿದ್ದರು. ಒಬ್ಬಳು ಇಸಳೂರಿನಿಂದ ನಡೆದು ಬಂದ ಗಂಗೆ. ಇನ್ನೊಬ್ಬಳು ಸಿದ್ದಾಪುರದ ಬಸ್ಸಿನಿಂದ ಇಳಿದ ಚೌಡಮ್ಮ, ಕೆರಿಯಪ್ಪನ ಹೆಂಡತಿ. ತೆಳ್ಳಗಿನ ಹೆಂಗಸು, ಆದರೆ ಕೆರಿಯಪ್ಪನ ಮೂವರ ಮಾತನ್ನು ಒಂದೇ ನೋಟದಲ್ಲಿ ನಿಲ್ಲಿಸುವ ತಾಕತ್ತಿತ್ತು.

"ಎಲ್ಲಿ ಆ ಪುಣ್ಯಾತ್ಮ?" ಎಂದಳು ಚೌಡಮ್ಮ ನನ್ನ ಕಡೆ ತಿರುಗಿ. "ಊರಲ್ಲಿ ನಂಗೆ ತಲೆ ಎತ್ತೋಕೆ ಆಗ್ತಿಲ್ಲ ಒಡೆಯಾ. ಎರಡನೇ ಸಂಸಾರ ಹೂಡಿದಾರಂತೆ."

ಕೆರಿಯಪ್ಪ ಮೂಟೆಯ ಕೆಳಗಿನಿಂದ ಮುಖ ಹೊರಗೆ ಹಾಕಿದ. "ಎಂತ ಸಂಸಾರ? ಯಾರು ಹೇಳಿದ್ದು?"

"ಊರು ಹೇಳ್ತಿದೆ. ಇಸಳೂರಲ್ಲಿ ಯಾರದು? ಬಾಯಿ ಬಿಡಿ ಈಗ. ಬೇರೆ ದಿನ ಮುಚ್ಚು ಅಂದ್ರೂ ಮುಚ್ಚೋದಿಲ್ಲ."

ಅಷ್ಟರಲ್ಲಿ ಗಂಗೆ ಮುಂದೆ ಬಂದು ಕೆರಿಯಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕೈಯಲ್ಲಿದ್ದ ಕತ್ತಿ ಸೊಪ್ಪು ಕಡಿಯುವುದಕ್ಕೇ ಇರಬೇಕೆಂದು ನಾನು ದೇವರಲ್ಲಿ ಬೇಡಿಕೊಂಡೆ.

"ಇದಲ್ಲ," ಎಂದಳು. "ನಮ್ಮ ಹೊನ್ನ ಇಷ್ಟು ದಪ್ಪ ಇಲ್ಲ. ಹುಬ್ಬಿನ ಮೇಲೆ ಗಾಯದ ಗುರುತಿತ್ತು."

"ಕೇಳ್ದೇನೇ?" ಎಂದ ಕೆರಿಯಪ್ಪ ಹೆಂಡತಿಗೆ. "ಅವ್ಳೇ ಬೇಡ ಅಂತಿದಾಳೆ."

ನಗು ಬಂತು, ನಿಜ. ಆದರೆ ಗಂಗೆ ನಗಲಿಲ್ಲ. ಅವಳು ಗಟಾರದ ಕಲ್ಲಿನ ಮೇಲೆ ನಿಂತು ಗಾದಿಯ ಕಡೆ ಕೂಗಿ ಕೇಳಿದಳು: "ಹಂಗಾದ್ರೆ ನಮ್ಮ ಹೊನ್ನ ಎಲ್ಲಿ ಒಡೆಯಾ? ಯಾವ ಊರವ? ಅಪ್ಪ ಇಟ್ಟ ಹೆಸರು ಎಂತದು? ಅಷ್ಟು ಹೇಳಿ, ನಾನೇ ಹುಡುಕ್ಕೋತೀನಿ."

ಪರಮೇಶ್ವರಪ್ಪ ಮೀಸೆ ತುರಿಸಿಕೊಂಡ. ಆ ಮನುಷ್ಯ ಇವನ ಮಂಡಿಯಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತಿದ್ದ. ದೀಪಾವಳಿಗೆ ಇವನ ಮನೆಯಲ್ಲೇ ಉಂಡಿದ್ದ. ಅವನ ಬೆನ್ನು ಹೇಗಿತ್ತು, ಒಂದು ಸಲಕ್ಕೆ ಎಷ್ಟು ಎತ್ತುತ್ತಿದ್ದ ಎಲ್ಲ ಪರಮೇಶ್ವರಪ್ಪನಿಗೆ ನೆನಪಿತ್ತು. ಹೆಸರು ಗೊತ್ತಿರಲಿಲ್ಲ. ಊರು ಗೊತ್ತಿರಲಿಲ್ಲ. ಘಟ್ಟದ ಕೆಳಗಿನವನು ಇರಬೇಕು, ಇಲ್ಲ ಯಲ್ಲಾಪುರದ ಕಡೆಯವನು ಎಂದು ಏನೋ ಗೊಣಗಿದ.

"ಗೊತ್ತಿಲ್ಲವಾ, ಇವ್ರಿಗೆ?" ಎಂದು ಗಂಗೆ ಚೌಡಮ್ಮನನ್ನು ಕೇಳಿದಳು. ಚೌಡಮ್ಮನಿಗೆ ಆಗಲೇ ಜಗಳ ಮರೆತು ಹೋಗಿತ್ತು. ಇಬ್ಬರೂ ನನ್ನ ಅಂಗಡಿಯ ಜಗಲಿಯ ಮೇಲೆ ಕುಳಿತು ಎಲೆ ಹಾಕಿಕೊಂಡರು. ಆಮೇಲೆ ಗಂಗೆ ಕತ್ತಿ ಎತ್ತಿಕೊಂಡು ಇಸಳೂರಿನ ದಾರಿ ಹಿಡಿದಳು.

ನನಗೆ ಇವತ್ತಿಗೂ ಮೈ ಉರಿಯುವುದು ಇಲ್ಲಿಯೇ. ಮೋಸ ಮಾಡಿದವನು ಆ ಆಳು, ಒಪ್ಪಿದೆ. ಆದರೆ ಅವನು ಅಡಗಿಕೊಳ್ಳಲು ಕಾಡಿಗೆ ಹೋಗಬೇಕಾಗಿರಲಿಲ್ಲ. ಮಂಡಿಯ ಹೆಸರನ್ನು ಮಂಡಿಯಲ್ಲೇ ಬಿಟ್ಟು ಗಟಾರ ದಾಟಿದರೆ ಸಾಕಿತ್ತು. ಅಡಿಕೆಯಲ್ಲಿ ಇದು ಯಾವ ತೋಟದ್ದು, ಯಾವ ಮಳೆಗೆ ಕೊಯ್ದದ್ದು, ಎಷ್ಟು ಬಿಸಿಲು ಕಂಡದ್ದು ಎಂದು ಮೂಸಿ ಹೇಳುವ ಜನ ನಾವು. ಅದೇ ಅಡಿಕೆಯನ್ನು ಹೊತ್ತವನ ಹೆಸರು ಕೇಳಿದರೆ ಮೀಸೆ ತುರಿಸಿಕೊಳ್ಳುತ್ತೇವೆ.

ಕೆರಿಯಪ್ಪ ಅವತ್ತು ಸಂಜೆ ಗಾದಿಯ ಮುಂದೆ ನಿಂತ. "ಒಡೆಯಾ, ನಾಳೆಯಿಂದ ನನ್ನ ಹೆಸರು ಹಿಡಿದು ಕರೀರಿ. ನಾನು ಸತ್ರೆ ಚೌಡಿ ಇಲ್ಲಿಗೆ ಬಂದು ಕೇಳಿದ್ರೂ ನೀವು ಹಿಂಗೇ ಮೀಸೆ ತುರಿಸ್ಕೋತೀರಿ."

"ಆತು ಆತು," ಎಂದ ಪರಮೇಶ್ವರಪ್ಪ. ಮರುದಿನ ಬೆಳಿಗ್ಗೆ ಎಂದಿನಂತೆ ಹೊನ್ನಾ ಎಂದು ಕೂಗಿದ. ಅಪ್ಪನ ಕಾಲದ ರೂಢಿಯನ್ನು ಒಬ್ಬ ಹಮಾಲ ಹೇಳಿದನೆಂದು ಬಿಡುವುದೆಂದರೆ ಅವನಿಗೆ ಗಾದಿಯೇ ಒಂದು ಗೇಣು ಕುಸಿದಂತೆ.

ಅದೇ ವರ್ಷ ಪರಮೇಶ್ವರಪ್ಪ ಗಾಡಿಗೆ ಹೊಸ ಎತ್ತೊಂದನ್ನು ತಂದ. ಬಿಳಿ ಎತ್ತು, ಕೊಂಬು ಚಿಕ್ಕದು, ಸ್ವಭಾವ ಒಳ್ಳೆಯದು. ಆಗ ಕೆರಿಯಪ್ಪ ನಾದಿನಿಯ ಮದುವೆಗೆಂದು ಮನ್ಮನೆಗೆ ಹೋಗಿದ್ದ. ಅವನಿಲ್ಲದಾಗ ಮೂಟೆಗಳೆಲ್ಲ ಎತ್ತಿನ ಗಾಡಿಯಲ್ಲೇ ಓಡಾಡಿದವು. ಮೂಟೆ ಸಾಗಿಸುವ ಜೀವವನ್ನು ಏನೆಂದು ಕರೆಯಬೇಕೆಂದು ಪರಮೇಶ್ವರಪ್ಪನ ನಾಲಿಗೆಗೆ ಮೊದಲೇ ಗೊತ್ತಿತ್ತಲ್ಲ. ಕೆರಿಯಪ್ಪ ಮರಳಿ ಬಂದು ಪಂಚೆ ಎತ್ತಿ ಕಟ್ಟುತ್ತಿದ್ದಂತೆ ಗಾದಿಯಿಂದ ಮಾತು ಬಂತು:

"ಬಂದ್ಯಾ? ಮೊದಲ ಹೊನ್ನಗ ಒಂದು ಹೊರೆ ಹುಲ್ಲು ಹಾಕು."

"ಯಾರಿಗೆ?"

"ಹೊನ್ನಗ. ಹಿತ್ತಲದಾಗ ಕಟ್ಟೇತಿ ನೋಡು."

ಕೆರಿಯಪ್ಪ ಹಿತ್ತಿಲಿಗೆ ಹೋಗಿ ನೋಡಿದ. ಎತ್ತು ಅವನನ್ನು ನೋಡಿತು. ಅವನು ಒಂದು ಹೊರೆ ಹುಲ್ಲು ಹೊತ್ತುಕೊಂಡು ಬಂದ, ಎತ್ತಿನ ಮುಂದೆ ಹಾಕಲಿಲ್ಲ. ಮಂಡಿಯ ಒಳಕ್ಕೆ ತಂದು, ಬೆಳೆಗಾರರೆಲ್ಲ ನೋಡುತ್ತಿದ್ದಂತೆ, ಗಾದಿಯ ಬಿಳಿ ಹಾಸಿನ ಮೇಲೆ ಪರಮೇಶ್ವರಪ್ಪನ ಮೊಣಕಾಲಿಗೆ ತಾಗುವಂತೆ ಇಳಿಸಿದ.

"ಇದೇನೋ ಇದು?"

"ಈ ಮಂಡೀಲಿ ಯಾರಿಗೆ ಯಾವ ಹೆಸರು, ಯಾರಿಗೆ ಯಾವ ಊಟ, ನಂಗೆ ತಿಳೀಲಿಲ್ಲ ಒಡೆಯಾ. ಮೊನ್ನೆ ಮನುಷ್ಯ ಹೊನ್ನ, ಇವತ್ತು ಎತ್ತು ಹೊನ್ನ. ನಾಳೆ ಯಾರಂತ ನೋಡ್ಕೊಂಡು ನೀವೇ ಹಂಚಿ."

ಅವತ್ತು ಅವನನ್ನು ಕೆಲಸದಿಂದ ತೆಗೆದೇಬಿಡುತ್ತಾನೆಂದು ಎಲ್ಲರೂ ಅಂದುಕೊಂಡೆವು. ತೆಗೆಯಲಿಲ್ಲ. ಆ ಬೆನ್ನಿನಂಥ ಬೆನ್ನು ಓಣಿಯಲ್ಲಿ ಇನ್ನೊಂದಿರಲಿಲ್ಲ. ಹುಲ್ಲು ಗುಡಿಸಿ ತೆಗೆದರು, ಹಾಸು ಬದಲಾಯಿಸಿದರು, ಹೊನ್ನ ಎನ್ನುವುದು ಮಾತ್ರ ನಿಲ್ಲಲಿಲ್ಲ. ಈಗ ಕೂಗಿದರೆ ಒಳಗಿನಿಂದ ಒಬ್ಬ, ಹಿತ್ತಿಲಿನಿಂದ ಒಂದು, ಎರಡೂ ಕಡೆ ಕತ್ತು ಏಳುತ್ತಿತ್ತು. ಎತ್ತು ಕೆರಿಯಪ್ಪನಿಗಿಂತ ಬೇಗ ಏಳುತ್ತಿತ್ತು.

ಅಲ್ಲಿಂದ ಒಂದೆರಡು ಹಂಗಾಮು ಕಳೆದು ಬಿಲ್ಲೆಯ ಸುದ್ದಿ ಬಂತು. ಇನ್ನು ಮುಂದೆ ಪೇಟೆಯಲ್ಲಿ ಮೂಟೆ ಎತ್ತುವ ಹಮಾಲರು ತೋಳಿಗೆ ಹಿತ್ತಾಳೆಯ ಬಿಲ್ಲೆ ಕಟ್ಟಬೇಕೆಂದು ಪೇಟೆ ಕಮಿಟಿಯವರು ಠರಾವು ಮಾಡಿದರು. ಬಿಲ್ಲೆಯ ಮೇಲೆ ಹಮಾಲನ ಹೆಸರು ಕೊರೆದಿರುತ್ತದೆ. ಬಿಲ್ಲೆ ಇಲ್ಲದವನು ಮೂಟೆ ಮುಟ್ಟುವಂತಿಲ್ಲ. ಬಿಲ್ಲೆ ಇದ್ದವನು ಯಾವ ಮಂಡಿಯಲ್ಲಾದರೂ ಕೆಲಸ ಮಾಡಬಹುದು, ಬೇಡವೆಂದರೆ ಬಿಟ್ಟು ಪಕ್ಕದ ಮಂಡಿಗೆ ಹೋಗಬಹುದು.

ಕೆರಿಯಪ್ಪನಿಗೆ ಇದು ಹಬ್ಬದ ಸುದ್ದಿ. ನನ್ನ ಅಂಗಡಿಗೆ ಬಂದು ತೋಳು ಚಾಚಿ, ಬಿಲ್ಲೆ ಎಲ್ಲಿ ಕಟ್ಟಿದರೆ ಚೆನ್ನಾಗಿ ಕಾಣುತ್ತದೆಂದು ನನ್ನನ್ನೇ ಕೇಳಿದ. "ಕೆರಿಯಪ್ಪ, ಮನ್ಮನೆ. ಅಷ್ಟು ಇದ್ರೆ ಸಾಕು ಅಂದಾನಪ್ಪನೋರೇ. ಎಲ್ಲಿ ಬಿದ್ರೂ ಯಾರಾದ್ರೂ ಓದಿ ಮನೆಗೆ ಮುಟ್ಟಿಸ್ತಾರೆ."

ಹೆಸರುಗಳನ್ನು ಬರೆಸುವ ಕೆಲಸವನ್ನು ಕಮಿಟಿಯವರು ಮಂಡಿಯವರಿಗೇ ಬಿಟ್ಟಿದ್ದರು. ಪರಮೇಶ್ವರಪ್ಪ ತನ್ನ ಮಂಡಿಯ ಆಳಿನ ಹೆಸರು ಹೊನ್ನ ಎಂದು ಬರೆಸಿದ. ಮರೆವು ಎಂದುಕೊಳ್ಳಬೇಡಿ. ಅವತ್ತು ಸಂಜೆ ಚಹಾ ಕುಡಿಯುತ್ತಾ ನನಗೇ ಹೇಳಿದ: "ಕೆರಿಯಪ್ಪ ಅಂತ ಬರಸಿದ್ರ ಬಿಲ್ಲೆ ಅವನ ಕೂಡ ಹೋಗತೈತಿ. ಹೊನ್ನ ಅಂತಿದ್ರ ಮಂಡಿಯೊಳಗ ಉಳಿತೈತಿ. ಯಾವನ ಬರಲಿ, ಕಟ್ಟಿಕೊಂಡು ಹೊರಲಿ. ವ್ಯವಹಾರ ನೋಡಪಾ ಇದು." ಲೆಕ್ಕ ಚೊಕ್ಕವಾಗಿತ್ತು, ಅದಕ್ಕೇ ನನಗೆ ಅಸಹ್ಯವಾಯಿತು. ನಾನು ಎದ್ದು ಹೋಗಿ ಕೆರಿಯಪ್ಪನಿಗೆ ಹೇಳಿದೆ. ಪಕ್ಕದ ಗೋಡೆಯವನೊಡನೆ ವೈರ ಕಟ್ಟಿಕೊಳ್ಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲವೆಂದು ಗೊತ್ತಿದ್ದೇ ಹೇಳಿದೆ.

ಅವನು ಎಂದಿನಂತೆ ಕೂಗಾಡಲಿಲ್ಲ. "ಗಂಗೆಯ ಆ ಹೊನ್ನನಿಗೂ ಬಿಲ್ಲೆ ಇದ್ದಿದ್ರೆ ಇದನ್ನೇ ಕಟ್ಕೊಂಡು ಓಡಾಡ್ತಿದ್ದ," ಎಂದಷ್ಟೇ ಅಂದ.

ಬಿಲ್ಲೆ ಕೊಡುವ ದಿನ ಕಮಿಟಿಯ ಕಟ್ಟೆಯ ಮುಂದೆ ಹಮಾಲರು, ಮಂಡಿಯವರು, ಅಡಿಕೆ ತಂದ ಹುಲೇಕಲ್ ಕಡೆಯ ಬೆಳೆಗಾರರು ಎಲ್ಲ ಸೇರಿದ್ದರು. ಕಾರಕೂನ ಕಮಲಾಕರ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕೂಗುತ್ತಿದ್ದರು. ಮುಂಬಯಿ ಸರ್ಕಾರದ ಕಾಲದ ಶಿಸ್ತಿನ ಮನುಷ್ಯ, ಟೋಪಿ ಓರೆಯಾದರೂ ಸಹಿಸುವವರಲ್ಲ.

"ಪರಮೇಶ್ವರಪ್ಪನವರ ಮಂಡಿ. ಹೊನ್ನ."

ಯಾರೂ ಏಳಲಿಲ್ಲ. ಕೆರಿಯಪ್ಪ ಮುಂದಿನ ಸಾಲಿನಲ್ಲೇ ಕುಳಿತು ಎಲೆ ಅಗಿಯುತ್ತಿದ್ದ.

"ಹೊನ್ನ! ಬಂದಿಲ್ಲವೇನು?"

"ಬಂದಾನ್ರೀ, ಅಲ್ಲೇ ಕುಂತಾನ," ಎಂದ ಪರಮೇಶ್ವರಪ್ಪ. "ಏಳಲೇ."

ಕೆರಿಯಪ್ಪ ಎದ್ದ. "ನಾನು ಕೆರಿಯಪ್ಪ, ರಾಯರೇ. ಊರು ಮನ್ಮನೆ. ಹೊನ್ನನೂ ಬಂದಿದಾನೆ. ತಡೀರಿ, ಕರ್ಕೊಂಡು ಬರ್ತೀನಿ."

ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ್ದ ಮಂಡಿಯ ಗಾಡಿಯ ಹತ್ತಿರ ಹೋಗಿ, ಬಿಳಿ ಎತ್ತಿನ ಹಗ್ಗ ಬಿಚ್ಚಿ, ಮೇಜಿನ ಎದುರಿಗೆ ತಂದು ನಿಲ್ಲಿಸಿದ. ಜನ ಹೋ ಎಂದರು. ಕಮಲಾಕರ ಕುರ್ಚಿ ಹಿಂದಕ್ಕೆ ಜರುಗಿಸಿದರು.

"ಏನಿದು ಚೇಷ್ಟೆ? ಕಮಿಟಿಯ ಬಿಲ್ಲೆ ಎತ್ತಿನ ಕೊರಳಿಗೆ ಕಟ್ಟಬೇಕೇನು?"

"ತಪ್ಪೆಂತದು ರಾಯರೇ? ಮಂಡೀಲಿ ಮೂಟೆ ಇದೂ ಹೊರ್ತದೆ. ಹೆಸರು ಇದಕ್ಕೂ ಅದೇ."

ಪರಮೇಶ್ವರಪ್ಪನ ಮುಖ ಕೆಂಪಾಗಿತ್ತು. ಗುಂಪಿನ ಹಿಂದಿನಿಂದ ಮುಂದೆ ನುಗ್ಗುತ್ತಾ, ಕೆರಿಯಪ್ಪನ ಕಡೆ ಕೈ ಮಾಡಿ, ತಡೆಯಲಾರದ ಸಿಟ್ಟಿನಲ್ಲಿ ಗುಡುಗಿದ: "ಏ ಹೊನ್ನಾ! ಬಾರೋ ಈ ಕಡೆ!"

ಕೆರಿಯಪ್ಪ ನಿಂತಲ್ಲೇ ನಿಂತಿದ್ದ. ಎತ್ತು ಯಜಮಾನನ ದನಿ ಕೇಳಿ ಕಿವಿ ನಿಮಿರಿಸಿ, ಮೇಜಿನ ಪಕ್ಕದಿಂದ ಹಾದು, ನೇರವಾಗಿ ಪರಮೇಶ್ವರಪ್ಪನ ಎದೆಯ ಹತ್ತಿರ ಹೋಗಿ ಮೂತಿ ಚಾಚಿತು.

ಪೇಟೆಯಲ್ಲಿ ಅಂಥ ನಗು ನಾನು ಮತ್ತೆ ಕೇಳಿಲ್ಲ. ಹುಲೇಕಲ್‌ನ ವಯಸ್ಸಾದ ಬೆಳೆಗಾರರೊಬ್ಬರು ಕಣ್ಣೊರೆಸಿಕೊಳ್ಳುತ್ತಾ, "ಬಿಲ್ಲೆ ಅದಕ್ಕೇ ಕೊಡಿ ಮಾರಾಯ್ರೆ, ಪಾಪ, ಕರೆದರೆ ಬರ್ತು," ಎಂದರು. ಕಮಲಾಕರರಿಗೆ ಮಾತ್ರ ನಗು ಬರಲಿಲ್ಲ. ಅವರು ಬಿಲ್ಲೆಯನ್ನು ತಿರುಗಿಸಿ ನೋಡಿದರು, ಎತ್ತನ್ನು ನೋಡಿದರು, ಕೆರಿಯಪ್ಪನನ್ನು ನೋಡಿದರು.

"ಈ ಹೆಸರು ಕೊಟ್ಟವರು ಯಾರು?"

"ಮಂಡಿಯವರು."

"ನಿನ್ನನ್ನು ಯಾರೂ ಕೇಳಲಿಲ್ಲವೋ?"

"ನನ್ನ ಹೆಸರು ನನ್ನನ್ನೇ ಕೇಳ್ಬೇಕು ಅಂತ ಯಾರಿಗೂ ಹೊಳೀಲಿಲ್ಲ ರಾಯರೇ."

ಕಮಲಾಕರ ಉಳಿದ ಹಮಾಲರ ಕಡೆ ತಿರುಗಿದರು. ಆಗ ಹೊರಬಂತು ನೋಡಿ ಸಂಗತಿ. ಎದುರಿನ ಮಂಡಿಯ ಆಳಿಗೆ ಅಲ್ಲಿಯವರು ಸಣ್ಣ ಎನ್ನುತ್ತಿದ್ದರು. ಅವನು ಆರಡಿ ಎತ್ತರದವನು, ಹಿಂದಿನ ಆಳು ಸಣ್ಣವನಿದ್ದನಂತೆ. ಬಿಲ್ಲೆಯ ಮೇಲೂ ಸಣ್ಣ ಎಂದೇ ಇತ್ತು. ಇನ್ನೊಬ್ಬನ ಬಿಲ್ಲೆಯ ಮೇಲೆ ಅವನಿಗಿಂತ ಮುಂಚೆ ಅಲ್ಲಿದ್ದ ಅವನ ಮಾವನ ಹೆಸರಿತ್ತು. ಪರಮೇಶ್ವರಪ್ಪನೊಬ್ಬನೇ ಈ ಚಟದವನು ಎಂದು ನಾವೆಲ್ಲ ಅವನನ್ನು ಆಡಿಕೊಂಡು ನಗುತ್ತಿದ್ದೆವು. ಇಡೀ ಓಣಿಯ ಗೋಡೆಗಳಿಗೆ ಗೂಟ ಹೊಡೆದಿತ್ತು.

ಕಮಲಾಕರ ಅಂಥ ಬಿಲ್ಲೆಗಳನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡರು. ಮುಂದಿನ ಸಲ ಹಮಾಲನೇ ಬಂದು, ಎಲ್ಲರ ಎದುರು ತನ್ನ ಹೆಸರು, ತನ್ನ ಊರು ಬಾಯಿಬಿಟ್ಟು ಹೇಳಬೇಕು, ಆಮೇಲೆಯೇ ಹಿತ್ತಾಳೆಗೆ ಉಳಿ ತಾಗಬೇಕು ಎಂದರು. ಕಮಿಟಿಯವರೂ ಅದನ್ನು ಒಪ್ಪಿದರು.

ಗೆದ್ದವನ ಕೈಗೆ ಏನೂ ಸಿಗಲಿಲ್ಲ, ಸದ್ಯಕ್ಕೆ. ಹೊಸ ಬಿಲ್ಲೆಗಳು ಬರಲು ಹಂಗಾಮು ಮುಗಿಯಬೇಕು. ಅಲ್ಲಿಯವರೆಗೆ ಕೆರಿಯಪ್ಪ ಪೇಟೆಯಲ್ಲಿ ಒಂದು ಮೂಟೆಯನ್ನೂ ಮುಟ್ಟುವಂತಿಲ್ಲ. ಪರಮೇಶ್ವರಪ್ಪ ಹೇಳಿ ಕಳಿಸಿದ: ಕೆರಿಯಪ್ಪ ತನ್ನ ಹೆಸರು ಹೊನ್ನ ಎಂದು ಒಪ್ಪಿ ವಾಪಸು ಹೋದ ಬಿಲ್ಲೆಯನ್ನೇ ತೆಗೆದುಕೊಳ್ಳಲಿ, ತಾನು ಕಮಲಾಕರರಿಗೆ ಹೇಳಿ ಸರಿ ಮಾಡಿಸುತ್ತೇನೆ, ನಾಳೆಯೇ ಕೆಲಸಕ್ಕೆ ಬರಲಿ. ಆ ಮಾತು ಹೊತ್ತು ಹೋದವನು ಮನ್ಮನೆಯಲ್ಲಿ ಚೌಡಮ್ಮನನ್ನು ಕಂಡ. ಅವಳಾದರೂ ಗಂಡನಿಗೆ ಬುದ್ಧಿ ಹೇಳಿಯಾಳು ಎಂದು.

ಚೌಡಮ್ಮ ಅದಕ್ಕೆ ಮುಂಚೆ ಗಂಡನಿಗೆ ಸಾಕಷ್ಟು ಬುದ್ಧಿ ಹೇಳಿಯಾಗಿತ್ತು. "ಹೆಸರು ಬೇಯ್ಸಿ ಉಣ್ಣೋಕಾಗ್ತದಾ?" ಎಂದು ಮನೆಯಲ್ಲಿ ದಿನವೂ ರಂಪ. ಆದರೆ ಮಂಡಿಯಿಂದ ಬಂದವನಿಗೆ ಕೊಟ್ಟ ಉತ್ತರ ಬೇರೆ: "ಹೊನ್ನನ ಹೆಂಡ್ತಿ ಮನೆ ಇದಲ್ಲ. ಮುಂದೆ ಹೋಗಿ ಕೇಳಿ."

ಆ ಹಂಗಾಮು ಕೆರಿಯಪ್ಪ ಯಲ್ಲಾಪುರದ ಕಡೆ ಮರದ ಡಿಪೋದಲ್ಲಿ ದಿಮ್ಮಿ ಉರುಳಿಸಿದ. ಅಡಿಕೆ ಮೂಟೆಗೂ ಸಾಗವಾನಿ ದಿಮ್ಮಿಗೂ ಬೆನ್ನು ಒಂದೇ ಆದರೂ ಕೆಲಸ ಒಂದೇ ಅಲ್ಲ. ಒಂದು ದಿಮ್ಮಿ ಜಾರಿ ಎಡಗಾಲಿನ ಬೆರಳು ಜಜ್ಜಿತು. ಚೌಡಮ್ಮ ಬೇರೆಯವರ ಗದ್ದೆಯಲ್ಲಿ ನಟ್ಟಿ ಮಾಡಿ ಮನೆ ನಡೆಸಿದಳು. ಶಿರಸಿಯ ಓಣಿಯಲ್ಲಿ ನಾವು ನಗೆಯ ಕಥೆಯನ್ನು ಬಂದವರಿಗೆಲ್ಲ ಹೇಳಿ ಚಹಾ ಕುಡಿದೆವು. ಎತ್ತಿನ ಕಥೆ ಕೇಳಿ ನಕ್ಕವರು ಯಾರೂ, ಆ ಮನುಷ್ಯ ಈಗ ಎಲ್ಲಿದ್ದಾನೆ ಎಂದು ಕೇಳಲಿಲ್ಲ. ಒಂದು ಹೆಸರಿಗಾಗಿ ಒಂದು ವರ್ಷದ ಅನ್ನ, ಒಂದು ಬೆರಳು. ಇದನ್ನು ಯಾವ ಧರ್ಮದ ತಕ್ಕಡಿಯಲ್ಲಿಟ್ಟು ಸರಿ ಎನ್ನಬೇಕು? ಅವನಪ್ಪ ತೊಟ್ಟಿಲಲ್ಲಿ ಪುಕ್ಕಟೆ ಕೊಟ್ಟ ವಸ್ತು ಅದು.

ಮುಂದಿನ ಸಲ ಕಮಲಾಕರ ಮೇಜು ಹಾಕಿದ ದಿನ ಅವನು ಕುಂಟುತ್ತಾ ಬಂದ. ಜೊತೆಗೆ ಚೌಡಮ್ಮ. ಸರದಿ ಬಂದಾಗ ಎದ್ದು ನಿಂತು, ಕಟ್ಟೆಯ ಆಚೆ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳುವಂತೆ, "ಕೆರಿಯಪ್ಪ! ಮನ್ಮನೆ! ಸಿದ್ದಾಪುರ ತಾಲೂಕು!" ಎಂದ.

"ಇಷ್ಟು ಜೋರಾಗಿ ಬೇಡ, ಬಿಲ್ಲೆ ಚಿಕ್ಕದು," ಎಂದರು ಕಮಲಾಕರ.

ಬಿಲ್ಲೆ ಕಟ್ಟಿಕೊಂಡ ಮೇಲೆ ಅವನನ್ನು ಸಹಿಸುವುದು ಇನ್ನೂ ಕಷ್ಟವಾಯಿತೆಂದು ಹೇಳದಿದ್ದರೆ ನಾನು ಸುಳ್ಳುಗಾರ. ದಿನವೂ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಓದು ಬಂದವರಿಗೂ ಬಾರದವರಿಗೂ ತೋಳು ಚಾಚಿ ಓದಲು ಹೇಳುತ್ತಿದ್ದ. ಮೊದಲ ದಿನ ಅವನು ಹೋದದ್ದು ಎದುರಿನ ಮಂಡಿಗೆ. ಅಲ್ಲಿಯ ಕೆಲಸ ಮುಗಿಸಿ ಗಟಾರದ ಕಲ್ಲಿನ ಬಳಿ ಬೀಡಿ ಹಚ್ಚುತ್ತಿದ್ದಾಗ ಪರಮೇಶ್ವರಪ್ಪ ಬಾಗಿಲಿಗೆ ಬಂದ. ಒಳಗೆ ಹುಲೇಕಲ್‌ನಿಂದ ಬಂದ ಮಾಲು ಇಳಿಯದೆ ಬಿದ್ದಿತ್ತು, ಹೊಸ ಆಳಿಗೆ ಮೂಟೆ ಏಳುತ್ತಿರಲಿಲ್ಲ. ಪರಮೇಶ್ವರಪ್ಪ ಕೂಗಲು ಬಾಯಿ ತೆರೆದ, ಮುಚ್ಚಿದ, ಇನ್ನೊಮ್ಮೆ ತೆರೆದ.

"ಕೆರಿಯಪ್ಪ," ಎಂದ. ನನಗೆ ಕೇಳಿಸದಿರಲಿ ಎಂಬಷ್ಟು ಸಣ್ಣ ದನಿ.

"ಎಂತ ಒಡೆಯಾ?"

"ನಾಕು ಚೀಲ ಅದಾವ. ಬರತೀಯೇನು?"

ಕೆರಿಯಪ್ಪ ಬೀಡಿ ಪೂರ್ತಿ ಸೇದಿದ. ಆಮೇಲೆ ಕಲ್ಲು ದಾಟಿ ಒಳಗೆ ಹೋದ.

ಪರಮೇಶ್ವರಪ್ಪನಿಗೆ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ. ಇವತ್ತಿಗೂ ಆ ದಿನದ ಎತ್ತಿನ ಮಾತನ್ನು ನಾನೆತ್ತಿದರೆ ಅವನು ನನ್ನ ಜೊತೆ ಹದಿನೈದು ದಿನ ಮಾತು ಬಿಡುತ್ತಾನೆ. ಆದರೆ ಈಗ ನಮ್ಮ ಓಣಿಯಲ್ಲಿ ಹೊಸ ಆಳು ಬಂದರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಮೂಟೆ ತೋರಿಸುತ್ತಾರೆ. ನನ್ನ ಅಂಗಡಿಯ ಗೋಣಿ ಹೊರೆ ಇಳಿಸುವವರ ಹೆಸರು, ಊರು, ಮನೆಯಲ್ಲಿ ಯಾರಿದ್ದಾರೆಂಬುದು ನನಗೆ ಗೊತ್ತಿದೆ. ಕೆಲಸ ಬಿಟ್ಟು ಹೋದವರನ್ನು ಯಾರಾದರೂ ಹುಡುಕಿಕೊಂಡು ಬಂದರೆ ದಾರಿ ಹೇಳಬಲ್ಲೆ. ಇದನ್ನು ನನಗೆ ಕಲಿಸಿದವನು ಮನ್ಮನೆಯ ಕೆರಿಯಪ್ಪ, ಅದಕ್ಕೆ ನಾನು ಅವನಿಗೆ ಋಣಿ.